ಕಿಟಕಿ ಪಕ್ಕದ ಮಣೆ

ಸೀಮೆಎಣ್ಣೆಯ ವಾಸನೆ ಬಂದರೆ ಕಸಿಲ್ದಾಳಿಗೆ ಅಪ್ಪನ ಬೆರಳುಗಳು ನೆನಪಾಗುತ್ತಿದ್ದವು. ಅವಳು ಪುಟ್ಟವಳಿದ್ದಾಗ ಅಪ್ಪ ಲೆಯಾಂದ್ರೊ ಅಚ್ಚುಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದೇ ಕೈಯಲ್ಲಿ ಅವಳ ಜಡೆ ಹೆಣೆಯುತ್ತಿದ್ದ. ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನವರು ಅಲ್ಲಿಂದ ಓಡಿಸಿದ ಮೇಲೆ, ತಾಯಿಯಿಲ್ಲದ ಮಗಳನ್ನೂ ಒಂದು ಪೆಟ್ಟಿಗೆ ಮೊಳೆಗಳನ್ನೂ ಹೊತ್ತು ಕಡಲು ದಾಟಿ ಅಮೆರಿಕದ ಕೀ ವೆಸ್ಟಿಗೆ ಬಂದವನು ಅವನು. ಆ ಮೊಳೆಗಳಿಂದಲೇ ‘ಪಂಜು’ ಪತ್ರಿಕೆ ಹುಟ್ಟಿತು. ನಾಡಿನ ಬಿಡುಗಡೆಗೆ ಬಂದೂಕು ಕಳಿಸಿ ಎಂದು ಅದು ವಾರವಾರವೂ ಕೂಗುತ್ತಿತ್ತು. ಕಸಿಲ್ದಾ ಬೆಳೆದ ಮೇಲೆ ಮೊಳೆ ಜೋಡಿಸುವುದು ಅವಳ ಕೆಲಸವಾಯಿತು.

‘ಪಂಜು’ ಪತ್ರಿಕೆಯನ್ನು ಓದುವವರಿಗಿಂತ ಕೇಳುವವರೇ ಹೆಚ್ಚು. ಚುಟ್ಟದ ಕಾರ್ಖಾನೆಯಲ್ಲಿ ಕೆಲಸಗಾರರು ತಾವೇ ಸಂಬಳ ಕೊಟ್ಟು, ಓದಿ ಹೇಳಲು ಒಬ್ಬನನ್ನು ಇಟ್ಟುಕೊಂಡಿದ್ದರು. ಅವನು ಎತ್ತರದ ಅಟ್ಟಣೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದ. ಇವರು ಹೊಗೆಸೊಪ್ಪು ಸುತ್ತುತ್ತಾ ಕೇಳುತ್ತಿದ್ದರು. ಮೆಚ್ಚಿಗೆಯಾದರೂ ಸಿಟ್ಟು ಬಂದರೂ ಸೊಪ್ಪು ಕೊಯ್ಯುವ ಚಾಕುವಿನಿಂದ ಎದುರಿನ ಕೆಲಸದ ಮಣೆಗೆ ಬಡಿಯುತ್ತಿದ್ದರು. ಅಟ್ಟಣೆಯಿಂದ ಬಂದ ಮಾತನ್ನು ಅಲ್ಲಿ ಯಾರೂ ಅನುಮಾನಿಸುತ್ತಿರಲಿಲ್ಲ.

ಆ ವಾರ ಅಪ್ಪ ಬರೆದದ್ದು ಒಬ್ಬ ಗೂಢಚಾರನ ಬಗ್ಗೆ. ಕ್ಯೂಬಾಕ್ಕೆ ಬಂದೂಕು ಹೊತ್ತು ಹೊರಟ ದೋಣಿಯ ಸುದ್ದಿ ಊರಿನಲ್ಲಿದ್ದ ಸ್ಪೇನಿನ ರಾಯಭಾರಿಗೆ ತಲುಪಿ, ದೋಣಿಯಲ್ಲಿದ್ದವರೆಲ್ಲ ಕಡಲಲ್ಲೇ ಗುಂಡಿಗೆ ಬಲಿಯಾಗಿದ್ದರು. ಆ ರಾಯಭಾರಿಯ ಹಿತ್ತಿಲ ಬಾಗಿಲಿನಿಂದ ಚುಟ್ಟ ಸುತ್ತುವ ರುಪೆರ್ತೊ ಹೊರಬರುವುದನ್ನು ಅಪ್ಪ ಕಣ್ಣಾರೆ ಕಂಡಿದ್ದ.

“ಹೆಸರು ಹಾಕಿದ್ರೆ ಕೋರ್ಟು ನಮ್ಮ ಪ್ರೆಸ್ಸಿಗೇ ಬೀಗ ಜಡಿಯತ್ತೆ. ‘ಬಡಗಣ ಕಿಟಕಿ ಪಕ್ಕದ ಮಣೆಯವನು’ ಅಂತ ಜೋಡಿಸಮ್ಮ. ಅರ್ಥ ಆಗೋರಿಗೆ ಆಗತ್ತೆ.”

“ಅರ್ಥ ಆದ್ಮೇಲೆ ಏನ್ಮಾಡ್ತಾರಪ್ಪ?”

“ಏನ್ಮಾಡ್ತಾರೆ, ಮಾತು ಬಿಡ್ತಾರೆ. ಅವನೇ ಗಂಟುಮೂಟೆ ಕಟ್ತಾನೆ.”

ಒಳ್ಳೆಯ ಬೆಳಕಿನ ಆ ಜಾಗ ಒಬ್ಬನಿಗೆ ಸಿಕ್ಕಿದರೆ ಅವನು ಮುದುಕನಾಗುವವರೆಗೂ ಅವನದೇ. ಹಾಗಾಗಿ ಅಪ್ಪನಿಗೆ ಬೇರೆ ಯೋಚನೆ ಬರಲಿಲ್ಲ. ಆದರೆ ಆ ವಾರವೇ ರುಪೆರ್ತೊ ತನ್ನ ಮಣೆಯನ್ನು, ಕಣ್ಣು ಮಂಜಾಗುತ್ತಿದ್ದ ಮುದುಕ ಮಕಾರಿಯೊನಿಗೆ ಬಿಟ್ಟುಕೊಟ್ಟು ಹಿಂದಿನ ಸಾಲಿಗೆ ಹೋಗಿದ್ದ. ಅದು ಕರುಣೆಯೋ ಉಪಾಯವೋ ಯಾರಿಗೂ ತಿಳಿಯಲಿಲ್ಲ. ಈ ಅದಲುಬದಲಿನ ಸುದ್ದಿ ಪ್ರೆಸ್ಸಿಗಂತೂ ಬರಲಿಲ್ಲ.

ಶನಿವಾರ ಕಸಿಲ್ದಾ ಪತ್ರಿಕೆಯ ಕಟ್ಟು ತಂದು ಬಾಗಿಲಲ್ಲೇ ನಿಂತಳು. ಅಟ್ಟಣೆಯವನು ಓದಿದ ದೋಣಿಯವರ ಸಾವಿನ ಸುದ್ದಿಗೆ ಚಾಕುಗಳು ಒಟ್ಟಾಗಿ ಬಡಿದವು. ಆಮೇಲೆ ಅವಳು ಜೋಡಿಸಿದ ಆ ಸಾಲು ಬಂತು. ಬಡಿತ ನಿಂತಿತು. ಎಲ್ಲರೂ ಕಿಟಕಿಯತ್ತ ತಿರುಗಿದರು.

ಮಕಾರಿಯೊ ಸೊಪ್ಪನ್ನು ಕಣ್ಣಿನ ಹತ್ತಿರ ಹಿಡಿದು ಬಣ್ಣ ನೋಡುತ್ತಿದ್ದ. “ಏನ್ರೋ, ನನ್ನ ಹೊಸ ಜಾಗದ ಮೇಲೆ ಕಣ್ಣು ಹಾಕ್ತೀರಾ?” ಎಂದು ನಕ್ಕ. ಓದಿದ್ದರ ಕಡೆ ಅವನಿಗೆ ಗಮನವಿರಲಿಲ್ಲ.

ದೋಣಿಯಲ್ಲಿ ತಮ್ಮನನ್ನು ಕಳೆದುಕೊಂಡಿದ್ದ ಸಿಕ್ಸ್ಟೊ ಎದ್ದ. “ಯಾರಿಗೂ ಸಿಗದ ಕಿಟಕಿ ನಿನಗೆ ಹೆಂಗೆ ಸಿಕ್ತು ಅಂತ ಈಗ ಗೊತ್ತಾಯ್ತು, ಮುದಿಯಾ! ನನ್ನ ತಮ್ಮನ ರಕ್ತಕ್ಕೆ ಸಿಕ್ಕ ಇನಾಮಾ ಇದು?”

“ಯಾವ ರಕ್ತನೋ, ಮಗಾ?”

ಸಿಕ್ಸ್ಟೊನ ಚಾಕು ಮಣೆಯ ಮೇಲಿದ್ದ ಮುದುಕನ ಬಲಗೈಗೆ ಇಳಿಯಿತು. ಹೆಬ್ಬೆರಳು ಸೊಪ್ಪಿನ ರಾಶಿಗೆ ಬಿತ್ತು. ಯಾರೋ ಸ್ಟೂಲಿನಿಂದ ಮುದುಕನ ದವಡೆಗೆ ಹೊಡೆದರು. ಬಿದ್ದವನ ಪಕ್ಕೆಗೆ ಒದೆಗಳು ಬಿದ್ದವು.

“ಅವರಲ್ಲ! ಬಿಡ್ರಪ್ಪಾ, ಅವರಲ್ಲ!” ಎಂದು ಕಸಿಲ್ದಾ ಕಿರುಚಿದಳು. ಯಾರ ಕಿವಿಗೂ ಬೀಳಲಿಲ್ಲ. ಜನರನ್ನು ತಳ್ಳಿಕೊಂಡು ಅಟ್ಟಣೆ ಹತ್ತಿದಳು.

ಹಿಂದಿನ ಸಾಲಿನಿಂದ ರುಪೆರ್ತೊ ಅವಳನ್ನೇ ನೋಡುತ್ತಿದ್ದ. ಬೇಡ ಎಂಬಂತೆ ನಿಧಾನವಾಗಿ ತಲೆಯಾಡಿಸಿದ. ಹೇಳಿದರೆ ಅವನ ಪ್ರಾಣ, ಹೇಳದಿದ್ದರೆ ಮುದುಕನ ಪ್ರಾಣ. ಕೆಳಗೆ ಸಿಕ್ಸ್ಟೊ ಮತ್ತೆ ಕೈ ಎತ್ತಿದ್ದ.

“ಅಪ್ಪ ಬರೆದಿದ್ದು ರುಪೆರ್ತೊನ ಬಗ್ಗೆ!”

ಅಟ್ಟಣೆಯ ಮಾತು ಎಲ್ಲರಿಗೂ ಕೇಳಿಸಿತು. ರುಪೆರ್ತೊ ಬಾಗಿಲವರೆಗೂ ಓಡಿದ, ಅಷ್ಟೆ. ಅಲ್ಲೇ ಹಿಡಿದರು. ಕಸಿಲ್ದಾ ಕಣ್ಣು ಮುಚ್ಚಿಕೊಂಡಳು. ಕಿವಿ ಮುಚ್ಚಿಕೊಳ್ಳಲು ಕೈಗಳು ಮೇಲೇಳಲಿಲ್ಲ. “ನನ್ನ ಮಕ್ಕಳು, ಅಣ್ಣಾ, ನನ್ನ ಮಕ್ಕಳು…” ಎಂಬುದು ಒಂದೆರಡು ಸಲ ಕೇಳಿಸಿ ನಿಂತುಹೋಯಿತು.

ಅವಳು ಕಣ್ಣು ತೆರೆದಾಗ, ಸೊಪ್ಪಿನ ನಾರು ತೆಗೆಯುವ ಹೆಂಗಸೊಬ್ಬಳು ಮಕಾರಿಯೊನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನ ರಕ್ತದ ಮುಖಕ್ಕೆ ಅಂಟಿದ ಎಲೆಚೂರುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.

ಮುದುಕ ಉಳಿದ, ಅವನ ಕೈ ಉಳಿಯಲಿಲ್ಲ. ಅವನಿನ್ನು ಚುಟ್ಟ ಸುತ್ತಲಾರ ಎಂದು ಡಾಕ್ಟರು ಹೇಳಿ ಹೋದರು. ಅಪ್ಪ ಪ್ರೆಸ್ಸಿನ ಬಾಗಿಲು ಹಾಕಿಕೊಂಡು ಒಳಗೇ ಕೂತುಬಿಟ್ಟ. ಕಸಿಲ್ದಾ ಒಬ್ಬಳೇ ಮಕಾರಿಯೊನ ಮನೆಗೆ ಹೋಗಿ, ಒಳಗೆ ಕಾಲಿಡಲಾರದೆ ಮೆಟ್ಟಿಲ ಮೇಲೆ ಕೂತಳು. ಸಂಜೆಯಾಯಿತು. ಮುದುಕನ ನರಳಾಟ ಹೊರಗೆ ಕೇಳುತ್ತಿತ್ತು.

ಅವನ ಹೆಂಡತಿ ಪೆತ್ರೋನಾ ರಕ್ತದ ನೀರು ಚೆಲ್ಲಲು ಹೊರಗೆ ಬಂದಳು.

“ಆ ಸಾಲು ಜೋಡಿಸಿದ್ದು ನಾನೇ, ಅಮ್ಮಾ,” ಎಂದಳು ಕಸಿಲ್ದಾ.

“ಗೊತ್ತು.”

ಬೋಗುಣಿ ಖಾಲಿ ಮಾಡಿ ಪೆತ್ರೋನಾ ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅನ್ನ, ಕರಿಕಾಳಿನ ಸಾರು, ಹುರಿದ ಬಾಳೆ ಬಡಿಸಿದ ತಟ್ಟೆಯೊಂದನ್ನು ತಂದು ಹುಡುಗಿಯ ಕೈಗಿಟ್ಟಳು.