ಗೆಣ್ಣು ದಾಟಿದ ಬಳೆ

ಸೊಲ್ಲಾಪುರದ ಪೇಟೆಯಲ್ಲಿ ಹಸಿರು ಬಳೆ ಡಜನ್ನಿಗೆ ಮೂರಾಣೆ, ಚುಕ್ಕಿ ಬಳೆ ಐದಾಣೆ. ಚಡಚಣಕ್ಕೆ ತರಲು ಮೋಟಾರಿನ ಚಾರ್ಜು ಬೇರೆ. ಇಷ್ಟೆಲ್ಲ ಹಾಕಿ ತಂದ ಬಳೆ ಹೆಂಗಸಿನ ಕೈಯೇರುವಾಗ ಒಡೆದರೆ ಯಾರ ನಷ್ಟ ಅನ್ನುವುದಕ್ಕೆ ಹಿಂದಿನವರು ಮಾಡಿಟ್ಟ ಕಟ್ಟಳೆ ಒಂದಿದೆ. ಹೆಬ್ಬೆರಳ ಬುಡದ ಗೆಣ್ಣು ದಾಟುವ ತನಕ ಒಡೆದರೆ ಇಡಿಸುವವಳದು, ದಾಟಿದ ಮೇಲೆ ಒಡೆದರೆ ಇಟ್ಟುಕೊಂಡವಳದು. ಮೂವತ್ತು ವರ್ಷ ಬಳೆ ಇಡಿಸಿದ ಹಜರಾಬಿಗೆ ಈ ಕಟ್ಟಳೆಯಿಂದ ತೊಂದರೆಯಾದದ್ದೇ ಇಲ್ಲ. ಸಂತೆಯ ದಿನ ಒಂದು ಒಡೆದರೆ ಹೆಚ್ಚು.

ಆ ಬೇಸಿಗೆಯಲ್ಲಿ ಮಾತ್ರ ಗಂಡ ಕಾಸಿಂಸಾಬ ಅವಳ ಗಂಟು ಬಿಚ್ಚಿ, ಒಡೆದ ಚೂರುಗಳನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇವತ್ತ ಒಂದ ಡಜನ್ ಆದವೇನ?"

"ಮ್ಯಾಲ ಎರಡು," ಅಂದಳು ಹಜರಾಬಿ.

"ಹಂಗಾರ ಇವತ್ತ ಊರಿಗೆಲ್ಲಾ ಪುಕ್ಕಟ ಬಳಿ ಇಡಿಸಿ ಬಂದಂಗಾತು ಬಿಡು."

ಅವನು ನಗಿಸಲೆಂದು ಹೇಳಿದ್ದ. ಅವಳು ನಗದೆ ಕೂತದ್ದು ನೋಡಿ ದನಿ ಇಳಿಸಿದ. "ಹಜರಾ, ಸೊಸಿ ಕಲತಾಳ. ಹಲಸಂಗಿ ಮದವಿಗೆ ಆಕೀನ ಹೋಗ್ಲಿ. ನೀ ಮನ್ಯಾಗ ಆರಾಮ ಕುಂದ್ರು."

ಆರಾಮ ಅನ್ನುವ ಮಾತಿಗೇ ಅವಳು ಹೆದರಿದಳು. ಹಗಲು ನಾಲ್ಕು ಜನರ ಕೈ ಹಿಡಿಯುವ ಕೆಲಸ ಇದ್ದುದರಿಂದ ಅವಳು ಇನ್ನೂ ಹಜರಾಬಿಯಾಗಿ ಉಳಿದಿದ್ದಳು. ಅದೂ ಹೋದರೆ ಹಗಲೂ ರಾತ್ರಿಯಂತೆಯೇ ಆಗಿಬಿಡುತ್ತಿತ್ತು.

ರಾತ್ರಿಯ ಸಂಗತಿ ಅವನಿಗೆ ಅರ್ಧ ಮಾತ್ರ ಗೊತ್ತಿತ್ತು. ಹಾಸಿಗೆಗೆ ಬೆನ್ನು ಹಚ್ಚಿದರೆ ಸಾಕು, ಒಲೆಯ ಮುಂದೆ ಕೂತಂತೆ ಹೊಟ್ಟೆಯಿಂದ ಕಾವು ಎದ್ದು ಕುತ್ತಿಗೆಗೆ, ಕಿವಿಗೆ ಏರುತ್ತಿತ್ತು. ಕುಪ್ಪಸ ತೊಯ್ದು ಬೆನ್ನಿಗೆ ಅಂಟುತ್ತಿತ್ತು. ಅದು ಇಳಿದ ಮೇಲೆ ಎದೆಯ ಸರದಿ, ಹಲಗಿ ಬಾರಿಸಿದಂತೆ. ಆಮೇಲೆ ಯೋಚನೆಗಳು. ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದ ಮಗ ಅಬ್ದುಲರಜಾಕನ ಕೈ ಯಂತ್ರಕ್ಕೆ ಸಿಕ್ಕಿತೇನೋ. ಮಾಳಿಗೆಯ ತೊಲೆಗೆ ಗೆದ್ದಲು ಹತ್ತಿದೆಯೇನೋ. ಮೊಮ್ಮಗ ಉಸಿರಾಡುತ್ತಿಲ್ಲವೇನೋ. ಎದ್ದು ಹೋಗಿ ಕೂಸಿನ ಮೂಗಿನ ಮುಂದೆ ಬೆರಳು ಹಿಡಿಯುತ್ತಿದ್ದಳು. ಉಸಿರು ತಾಗಿದರೆ ಸಮಾಧಾನ. ಬಂದು ಮಲಗಿದರೆ ಮತ್ತೆ ಅದೇ ಅನುಮಾನ.

ಒಂದು ಸಲ ಸೊಸೆ ಶಮ್ಶುನ್ನೀಸಾ ಕಣ್ಣು ಬಿಟ್ಟಾಗ, ಬಿಚ್ಚಿದ ಕೂದಲಿನ ಬೆವೆತ ಮುಖವೊಂದು ತನ್ನ ಕೂಸಿನ ಮೇಲೆ ಬಾಗಿದ್ದು ಕಂಡು ಚಿಟ್ಟನೆ ಚೀರಿದಳು. ಅಂದಿನಿಂದ ಮನೆಯಲ್ಲಿ ಗಾಳಿ ಸೋಕಿದೆ ಅನ್ನುವ ಮಾತು ಹುಟ್ಟಿತು. ಹಜರಾಬಿಯ ರಟ್ಟೆಗೆ ತಾಯಿತ ಬಂತು. ತಾಯಿತದ ಕೆಳಗೂ ಬೆವರು ಬಂತು.

ಹಗಲು ತೂಕಡಿಕೆ ಬರಬಾರದೆಂದು ಕಪ್ಪಿನ ಮೇಲೆ ಕಪ್ಪು ಚಾ ಕುಡಿದಳು. ಗಿರಾಕಿಯ ಕೈ ಹಿಡಿದಾಗಲೇ ಕಾವು ಏರಿದರೆ ಯಾರಿಗೂ ಗೊತ್ತಾಗಬಾರದೆಂದು ಹಲ್ಲು ಕಚ್ಚಿ, ಬೇಗ ಮುಗಿಸಲು ಬಳೆ ಒತ್ತುತ್ತಿದ್ದಳು. ಬಳೆ ಒಡೆಯುತ್ತಿದ್ದದ್ದು ಆಗಲೇ.

ಹಲಸಂಗಿಯ ವ್ಯಾಪಾರಿ ಶ್ರೀಶೈಲಪ್ಪನ ಮಗಳು ಗುರವ್ವನ ಮದುವೆ. ಮದುವೆಗೆ ಹದಿನೈದು ದಿನ ಮೊದಲು ಮದುಮಗಳ ಕೈಯ ಅಳತೆ ನೋಡಲು ಹಜರಾಬಿ ಹಟ ಹಿಡಿದು ತಾನೇ ಹೋದಳು. ನಡುಮಧ್ಯಾಹ್ನ. ಪಡಸಾಲೆಯಲ್ಲಿ ಕೂತು ಅಳತೆಯ ಬಳೆಯನ್ನು ಹುಡುಗಿಯ ಕೈಗೆ ಏರಿಸುವಾಗ ಕಾವು ಬಂತು. ಒತ್ತಿದಳು. ಟಪ್ ಎಂದು ಬಳೆ ಮುರಿದು ಹುಡುಗಿಯ ಅಂಗೈಯಲ್ಲಿ ರಕ್ತದ ಗೆರೆ ಮೂಡಿತು.

ಮದುಮಗಳ ತಾಯಿ ಗುಂಡವ್ವ ಊರಲ್ಲೆಲ್ಲ ಬಾಯಿಗೆ ಹೆಸರಾದವಳು. "ಇದೇನ ಹಜರಾಬಿ, ಬಳಿ ಇಡಸಾಕತ್ತಿಯೋ ದನಕ್ಕ ಲಾಳ ಬಡ್ಯಾಕತ್ತಿಯೋ? ಇವತ್ತೇನೋ ಅಳತಿ ಬಳಿ. ನಾಳೆ ಶಾಸ್ತ್ರದ ಬಳಿ ಹೆಚ್ಚಿದ್ರ ಏನ ಗತಿ?" ಶುಭದ ಮನೆಯಲ್ಲಿ ಬಳೆ ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಹೇಗೆ ಅಂದರೂ ಅಪಶಕುನ ಅಪಶಕುನವೇ. "ಸಿಂದಗಿಯಿಂದ ಬಳಿಗಾರ ಬಾಬುಲಾಲನ್ನ ಕರಸ್ತೇವಿ ತಗೋ."

ಹಜರಾಬಿ ಚೂರುಗಳನ್ನು ಆರಿಸಿ ಸೆರಗಿಗೆ ಕಟ್ಟಿಕೊಂಡಳು. ಹೊರಡಲು ಎದ್ದಾಗ ಹಿತ್ತಲಿನಿಂದ ದನಿ ಬಂತು. "ಹಜರಾ, ಇಲ್ಲೆ ಬಂದು ಹೋಗು."

ಬೇವಿನ ನೆರಳಲ್ಲಿ ಶ್ರೀಶೈಲಪ್ಪನ ತಾಯಿ ಕಸ್ತೂರೆವ್ವ ಕೂತಿದ್ದಳು. ಗಂಡ ತೀರಿ ಹನ್ನೆರಡು ವರ್ಷ. ಅದಕ್ಕೂ ಮೊದಲು ಆ ಕೈಗಳಿಗೆ ಬಳೆ ಇಡಿಸುತ್ತಿದ್ದವಳು ಹಜರಾಬಿಯೇ. ಈಗ ಅವು ಬರಿಗೈ.

"ಕೈ ತಾ."

"ನನ್ನ ಕೈ ಯಾಕ್ರೆವ್ವಾ?"

"ತಾ ಅಂದ್ರ ತಾ. ನೀ ಎಷ್ಟ ಸಲ ನನ್ನ ಕೈ ತಿಕ್ಕಿದಿ, ಯಾಕಂತ ನಾ ಕೇಳಿದ್ನೇನ?"

ಮುದುಕಿ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬಳೆ ಇಡಿಸುವವರು ಮಾಡುವಂತೆಯೇ ಗೆಣ್ಣುಗಳನ್ನು ಒಂದೊಂದಾಗಿ ನಾದತೊಡಗಿದಳು. "ಅಯ್ಯ, ಇದು ಕೈಯೋ ಕೊಡಲಿ ಕಾವೋ? ಇಂಥಾ ಕೈ ನಿನ್ನ ಮುಂದ ಬಂದ್ರ ಬಳಿ ಏರಸ್ತಿದ್ದೇನ?"

"ಮೊದಲ ಸಡ್ಲ ಮಾಡತಿದ್ದೆರಿ."

"ಹೆಂಗ?"

"ತೌರಮನಿ ಸುದ್ದಿ ತಗೀತಿದ್ದೆರಿ. ಮಾತಿನ್ಯಾಗ ಇದ್ರ ಕೈ ತಾನ ಸಡ್ಲ ಬಿಡತಾರ."

"ಹಂಗಾರ ನಾನೂ ಸುದ್ದಿ ತಗೀತೇನಿ. ಮುಟ್ಟು ನಿಂತು ಎಷ್ಟ ದಿನಾತು?"

ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಹೆಂಗಸರ ಸುದ್ದಿ ಕೇಳಿದ ಹಜರಾಬಿಯ ಸುದ್ದಿಯನ್ನು ಯಾರೂ ಕೇಳಿರಲಿಲ್ಲ. "ಸಂಕ್ರಾಂತಿಗೆ ಒಮ್ಮೆ ಆಗಿತ್ರಿ. ಅದರ ಹಿಂದ ನೆನಪಿಲ್ಲ."

"ನಿದ್ದಿ?"

"ಇಲ್ರಿ."

"ಸುಮ್ಮಸುಮ್ಮನ ಅಂಜಿಕಿ? ಏನೋ ಆಗೇತಿ, ಯಾರಿಗೋ ಏನೋ ಆತು ಅಂತ?"

ಹಜರಾಬಿಯ ಕಣ್ಣು ತುಂಬಿತು. "ನಿಮಗ ಹೆಂಗ ಗೊತ್ತಾತ್ರಿ? ಮನ್ಯಾಗ ಗಾಳಿ ಅಂತಾರ."

"ಗಾಳೀನೂ ಅಲ್ಲ, ಧೂಳೂ ಅಲ್ಲ. ಅಂಗಡಿ ಮುಚ್ಚೂ ಮುಂದ ಬಾಗಲಾ ಹಲಗಿ ಸದ್ದ ಆಗೂದಿಲ್ಲೇನ? ಅದ ಸದ್ದು ಇದು. ನನಗ ಎರಡು ವರ್ಷ ನಡೀತು. ರಾತ್ರೆಲ್ಲಾ ಕಣದಾಗ ಅಡ್ಡಾಡತಿದ್ದೆ. 'ಕಸ್ತೂರಿ, ನಿನಗ ಅಂಜಿ ಕಳ್ಳರು ಊರ ಬಿಟ್ಟಾರ' ಅಂತಿದ್ರು ಗುರವ್ವನ ಮುತ್ಯಾ."

"ಹೆಂಗ ಹೋತ್ರಿ ಮತ್ತ?"

"ಓಡಸಾಕ ಹೋದಾಗ ಹೋಗಲಿಲ್ಲ. ಬಂತಾ, ಬಾ ಕುಂದ್ರು ಅಂದೆ. ಹೊರಗ ತಂಪಿನ್ಯಾಗ ಮಲಗಿದೆ. ಮಜ್ಜಿಗಿ ಕುಡದೆ. ನೀ ಏನ ಕುಡೀತಿ?"

"ಚಾ ರಿ. ಐದಾರ ಕಪ್ಪ."

"ಭೇಷ್! ಒಲಿಗೆ ಎಣ್ಣಿ ಸುರದು, ಯಾಕ ಆರವಲ್ದು ಅಂತ ನನ್ನ ಕೇಳತಿ." ಕಸ್ತೂರೆವ್ವ ಅವಳ ಬೆರಳುಗಳನ್ನು ಒಟ್ಟುಗೂಡಿಸಿ ಮೆಲ್ಲಗೆ ಹಿಸುಕಿದಳು. "ನೋಡು, ಈಗ ಬಳಿ ಏರತೈತಿ."

ಹೌದು, ಕೈ ಹತ್ತಿಯಂತಾಗಿತ್ತು. ಹಜರಾಬಿ ಕಣ್ಣೊರೆಸಿಕೊಂಡು ಎದ್ದು ನೇರ ಗುಂಡವ್ವನ ಮುಂದೆ ಹೋಗಿ ನಿಂತಳು. "ಬಾಬುಲಾಲನ್ನ ಕರಸಬ್ಯಾಡ್ರಿ. ನಾನ ಬರ್ತೇನಿ. ಆದ್ರ ಊಟ ಆದಮ್ಯಾಲ ಅಲ್ಲ, ಮುಂಜಾನಿ ತಂಪಿನ್ಯಾಗ ಇಡಸ್ತೇನಿ. ಮದುಮಗಳ ಒಂದ ಬಳಿ ಹೆಚ್ಚಿದ್ರೂ ಮತ್ತ ಬಳಿಗಂಟ ಮುಟ್ಟೂದಿಲ್ರಿ."

ಆ ಮಾತು ಆಡಿದ ಮೇಲೆ ಅವಳಿಗೇ ದಿಗಿಲಾಯಿತು. ಆದರೆ ಆಡಿಯಾಗಿತ್ತು.

ಮನೆಗೆ ಬಂದವಳು ಗಂಡನಿಗೂ ಸೊಸೆಗೂ ಇದ್ದದ್ದನ್ನು ಇದ್ದಂತೆ ಹೇಳಿದಳು. ಕಾಸಿಂಸಾಬ ಗಡ್ಡ ಕೆರೆದುಕೊಂಡು, ಹೊರಸನ್ನು ಎತ್ತಿ ಅಂಗಳದಲ್ಲಿ ಹಾಕಿದ. ಶಮ್ಶುನ್ನೀಸಾ ಮೊದಲು ನಾಚಿದಳು, ಆಮೇಲೆ ನಕ್ಕಳು. "ಇಷ್ಟ ಏನ್ರಿ ಅತ್ತಿ? ನಾ ಏನೇನೋ ಅಂದಕೊಂಡು ಸತ್ತಿದ್ದೆ." ಆ ದಿನವೇ ಕೂಸನ್ನು ತಂದು ಅತ್ತೆಯ ಮಗ್ಗುಲಲ್ಲಿ ಮಲಗಿಸಿದಳು. "ಇಲ್ಲೇ ಇರ್ಲಿ. ಉಸರ ನೋಡಾಕ ಎದ್ದು ಅಡ್ಡಾಡೂದ ತಪ್ಪತೈತಿ."

ನಿದ್ದೆ ಓಡಿ ಬಂದು ಕಾಲಿಗೇನೂ ಬೀಳಲಿಲ್ಲ. ಬಂದ ದಿನ ಬಂತು, ಬಾರದ ದಿನ ಬರಲಿಲ್ಲ. ಬಾರದ ದಿನ ಅವಳು ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದು ಗೆಣ್ಣು ನಾದುತ್ತ, ತನ್ನ ತೌರಿನ ಸುದ್ದಿಯನ್ನು ತಾನೇ ತೆಗೆಯುತ್ತಿದ್ದಳು. ಚಾ ಬಿಟ್ಟಾಗ ಎರಡು ದಿನ ತಲೆ ಸಿಡಿಯಿತು, ಮೂರನೆಯ ದಿನ ನಿಂತಿತು. ತಾಯಿತ ಮಾತ್ರ ರಟ್ಟೆಯಲ್ಲೇ ಇತ್ತು. ಅದರ ಪಾಡಿಗೆ ಅದಿರಲಿ ಎಂದಳು.

ಬಳೆಯ ಶಾಸ್ತ್ರದ ಹಿಂದಿನ ದಿನ ಹಲಸಂಗಿಯಿಂದ ಬಂಡಿ ಬಂತು. ಹಜರಾಬಿ ಸೊಸೆಯನ್ನು ಕರೆದುಕೊಂಡು ಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಬಾರದೆಂದು ಗೊತ್ತೇ ಇತ್ತು.

ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಸಾರಿಸಿದ ಪಡಸಾಲೆಯ ತುಂಬ ಹೆಂಗಸರು. ನಡುವೆ ಗುರವ್ವ, ಕೈಗೆ ಅರಿಸಿನ. ಹಜರಾಬಿ ಕೈ ತೊಳೆದು ಕೂತಳು. ಎಡಗೈಗೆ ಹಸಿರು ಬಳೆ ಒಂದರ ಹಿಂದೊಂದು ಏರಿದವು. ಗುಂಡವ್ವ ಬೀಸಣಿಕೆ ಹಿಡಿದು, ಕಣ್ಣು ಮಿಟುಕಿಸದೆ ಪಕ್ಕದಲ್ಲೇ ಕೂತಿದ್ದಳು.

ಬಲಗೈಗೆ ಬಂದಾಗ, ಬಳೆ ಸರಿಯಾಗಿ ಗೆಣ್ಣಿನ ಮೇಲಿದ್ದಾಗ, ಹೊಟ್ಟೆಯಿಂದ ಕಾವು ಎದ್ದಿತು. ತುಟಿಯ ಮೇಲೆ ಬೆವರೊಡೆಯಿತು. ಒತ್ತಿ ಮುಗಿಸಿಬಿಡು ಎಂದಿತು ಹಳೆಯ ಚಾಳಿ.

ಹಜರಾಬಿ ಬಳೆಯನ್ನು ಹಿಂದಕ್ಕೆ ಜಾರಿಸಿ ತೆಗೆದು ಉಡಿಯಲ್ಲಿ ಇಟ್ಟುಕೊಂಡಳು.

"ಯಾಕ? ಏನಾತು?" ಗುಂಡವ್ವನ ದನಿ ಏರಿತು. "ಶಾಸ್ತ್ರದ ಬಳಿ ನಡುವ ನಿಲ್ಲಸಬಾರ್ದು!"

"ನಿಲ್ಲಸಬೇಕ್ರಿ. ನನಗ ಕಾವು ಬಂದೈತಿ." ಅಷ್ಟೂ ಹೆಂಗಸರಿಗೆ ಕೇಳುವಂತೆ ಹೇಳಿದಳು. "ಮುಟ್ಟು ನಿಲ್ಲೂ ವಯಸ್ಸು. ಬರತೈತಿ, ಹೋಗತೈತಿ. ಹೋದಮ್ಯಾಲ ಇಡಸ್ತೇನಿ."

ಎಳೆಯ ಹೆಂಗಸರು ಮುಖ ತಗ್ಗಿಸಿದರು. ಶಮ್ಶುನ್ನೀಸಾ ಸೆರಗಿನ ಅಂಚು ಕಚ್ಚಿಕೊಂಡಳು. ಆಗ ಕಂಬಕ್ಕೊರಗಿ ಕೂತಿದ್ದ ನೆರೆಮನೆಯ ಸಿದ್ದವ್ವ ಹಣೆಗೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವಾ! ಹಿಂಗ ಎಲ್ಲಾರಿಗೂ ಆಗತೈತೇನ? ಊರಾಗ ನಾ ಒಬ್ಬಾಕೀನ ಅಂದಕೊಂಡಿದ್ದೆ!"

"ಅದಕ್ಕ ಏನ ನೀ ಕೋಳಿ ಕೂಗೂಕಿಂತ ಮೊದಲ ರೊಟ್ಟಿ ಬಡಿಯೂದು?" ಅಂದಳು ಹಿಂದಿನಿಂದ ಇನ್ನೊಬ್ಬಳು. "ನಾನೂ ಎಚ್ಚರ ಇರ್ತೇನಿ. ನಿನ್ನ ರೊಟ್ಟಿ ಎಣಸ್ಕೋತ ಮಲಗಿರ್ತೇನಿ."

ಪಡಸಾಲೆ ನಕ್ಕಿತು. ಎಂಥ ನಗೆಯೆಂದರೆ ಹೊರಗಿನ ಕಟ್ಟೆಯ ಮೇಲೆ ಕೂತ ಗಂಡಸರು ಇಣುಕಿ ನೋಡಿದರು. ಗುಂಡವ್ವ ಮಾತ್ರ ನಗಲಿಲ್ಲ. ಬಿರುಸಾಗಿ ಹಜರಾಬಿಗೆ ಗಾಳಿ ಬೀಸತೊಡಗಿದಳು. ನಾಲ್ಕು ಸಲ ಬೀಸಿದಳೋ ಇಲ್ಲವೋ, ಬೀಸಣಿಕೆ ತಾನಾಗಿ ಅವಳ ಸ್ವಂತ ಕುತ್ತಿಗೆಯ ಕಡೆಗೇ ತಿರುಗಿತು. ಅವಳ ಕಿವಿಯೂ ಕೆಂಪಗಾಗಿತ್ತು.

ಕಾವು ಇಳಿಯಿತು. ಹಜರಾಬಿ ಸೆರಗಿನಿಂದ ಮುಖ ಒರೆಸಿಕೊಂಡು ಮದುಮಗಳ ಕೈ ಹಿಡಿದಳು. "ಹೇಳವಾ ಗುರವ್ವಾ, ಗಂಡನ ಊರಾಗ ಬಾವಿ ನೀರ ಸೀನೋ ಸವಳೋ?" ಹುಡುಗಿ ನಾಚಿ ಬಾಯಿ ತೆರೆಯುವಷ್ಟರಲ್ಲಿ ಬಳೆ ಗೆಣ್ಣು ದಾಟಿತ್ತು.

ಎಲ್ಲರ ಕೈ ತುಂಬಿದ ಮೇಲೆ ಹಜರಾಬಿ ಗಂಟು ಕಟ್ಟಿ ಸೊಸೆಗೆ ಕೊಟ್ಟು, ಒಳಮನೆಯ ಬಾಗಿಲಿಗೆ ಹೋದಳು. ಶಾಸ್ತ್ರದ ಕಡೆಗೆ ಬಾರದೆ ಕಸ್ತೂರೆವ್ವ ಅಲ್ಲೇ ಕತ್ತಲಲ್ಲಿ ಕೂತಿದ್ದಳು. ಹಜರಾಬಿ ಎದುರಿಗೆ ಕೂತು ಅವಳ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಏ ಹುಚ್ಚಿ, ನನಗೆಲ್ಲಿ ಬಳಿ?"

"ಬಳಿ ಇಲ್ಲದಿದ್ರ ಇಲ್ರೆವ್ವಾ. ಕೈ ಐತೆಲ್ಲ." ಒಂದೊಂದೇ ಗೆಣ್ಣು ನಾದಿದಳು. ಮುದುಕಿ ಕಣ್ಣು ಮುಚ್ಚಿಕೊಂಡು ತನ್ನ ತೌರಿನ ಸುದ್ದಿ ಶುರುಮಾಡಿದಳು.

ಬಂಡಿ ಚಡಚಣದ ಹಾದಿ ಹಿಡಿದಾಗ ಬಿಸಿಲು ಏರಿತ್ತು. ಊರು ದಾಟುವುದರೊಳಗೆ ಹಜರಾಬಿಯ ತಲೆ ಜೋಳದ ಚೀಲಕ್ಕೆ ಒರಗಿತು. ಶಮ್ಶುನ್ನೀಸಾ ಬಂಡಿ ಹೊಡೆಯುವವನಿಗೆ ಮೆಲ್ಲಗೆ ಹೊಡಿ ಎಂದು ಕೈಸನ್ನೆ ಮಾಡಿದಳು.

ಅಂದು ಒಡೆದದ್ದು ಒಂದು ಬಳೆ. ಅದೂ ಯಾರದೋ ಪೋರಿ ಓಡುವಾಗ ಹೊಸ್ತಿಲಿಗೆ ಕೈ ಬಡಿಸಿಕೊಂಡು ಒಡೆದದ್ದು. ಗೆಣ್ಣು ದಾಟಿದ ಬಳೆ, ಹಜರಾಬಿಯ ಲೆಕ್ಕಕ್ಕೆ ಸೇರುವುದಿಲ್ಲ. ಗಳಿಸಿದ್ದು ಬಳೆಯ ದುಡ್ಡು, ಒಂದು ಚೀಲ ಜೋಳ, ಗುಂಡವ್ವ ಕೊಟ್ಟ ಕುಪ್ಪಸದ ಖಣ, ಮತ್ತು ಚಡಚಣ ಬರುವ ತನಕದ ನಿದ್ದೆ.