ಕೆಮ್ಮಿನ ನಂತರದ ಕೊಳಲು

ಆ ವರ್ಷ ಚಾತುರ್ಮಾಸಕ್ಕೆ ತವನಪ್ಪ ಬದನೆಕಾಯಿ ಬಿಡಲಿಲ್ಲ, ಬೆಲ್ಲ ಬಿಡಲಿಲ್ಲ. ರಾಯಬಾಗದ ಬಸದಿಯಲ್ಲಿ ಮುನಿಮಹಾರಾಜರು, "ಯಾವದರ ಮ್ಯಾಲೆ ಬಾಳ ಜೀವ ಐತಿ, ಅದನ್ನ ಬಿಡ್ರಿ" ಎಂದಾಗ ಎದ್ದು ನಿಂತು, "ದೀಪಾವಳಿ ತನಕಾ ನನ್ನ ಇಂಗ್ಲಿಷ್ ಸಿಂಫನಿ ಕೇಳೂದಿಲ್ಲ ಮಹಾರಾಜ" ಎಂದು ಕೈಮುಗಿದುಬಿಟ್ಟ. ಅದು ಯಾವುದೋ ಪರದೇಶದ ಸಿಹಿ ಇರಬೇಕೆಂದು ಹಿಂದೆ ಕೂತವರು ಮಾತಾಡಿಕೊಂಡರು. ಹೆಂಡತಿ ರಾಜಮತಿಗೆ ಮಾತ್ರ ಅದೇನೆಂದು ಗೊತ್ತಿತ್ತು.

ಅದು ನೂರು ಮಂದಿ ಕೂಡಿ ಬಾರಿಸುವ ಸಂಗೀತ. ಇಪ್ಪತ್ತನೇ ಶತಮಾನದಲ್ಲೇ, ದೊಡ್ಡ ಯುದ್ಧದ ಕಾಲಕ್ಕೆ, ಒಬ್ಬ ಇಂಗ್ಲಿಷಿನವ ಬರೆದದ್ದು. ಸಕ್ಕರೆ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ರೆಕಾರ್ಡು, ಅದನ್ನು ನುಡಿಸುವ ಪೆಟ್ಟಿಗೆ ಎರಡನ್ನೂ ಅಲ್ಲಿ ಕೆಮಿಸ್ಟ್ ಆಗಿದ್ದ ತವನಪ್ಪನಿಗೆ ಕೊಟ್ಟುಹೋಗಿದ್ದ. ಅಂದಿನಿಂದ ಸಂಜೆಯ ಊಟವಾದ ಮೇಲೆ ಅದು ಹಾಡದ ದಿನವಿಲ್ಲ. ಆ ಹೊತ್ತಿಗೆ ರಾಜಮತಿ ಪಾತ್ರೆ ತಿಕ್ಕುತ್ತಿರುತ್ತಿದ್ದಳು. ಅವಳ ಪಾಲಿಗೆ ಪಾತ್ರೆಯ ಸಪ್ಪಳದ ಜೋಡಿ ಅದೂ ಒಂದು ಸಪ್ಪಳ.

ನೇಮ ಹಿಡಿದ ಮೇಲೆ ಗೊತ್ತಾಯಿತು, ತವನಪ್ಪನ ಕಿವಿ ಹೋಗುತ್ತಿವೆ ಎಂದು. ಬಲಗಿವಿ ಮುಗಿದಿದೆ, ಎಡದ್ದು ಚಳಿಗಾಲದ ತನಕ ಎಷ್ಟು ಉಳಿದೀತೋ ಹೇಳಲಾರೆ ಎಂದರು ಮಿರಜದ ಡಾಕ್ಟರು. ಬಸ್ಸಿನಲ್ಲಿ ಬರುವಾಗ ರಾಜಮತಿ ಅವನ ಎಡಕ್ಕೆ ಕೂತಳು.

"ಮಹಾರಾಜರನ್ನ ಕೇಳೂಣ್ರಿ. ನೇಮ ಸಡಿಲ ಮಾಡಿ ಕೊಡತಾರ."

"ಕಿವಿ ಹೊಂಟಾವ ಅಂತ ಮಾತೂ ಕಳಕೊಳ್ಳಲೇನ?"

ಶ್ರಾವಣದಲ್ಲಿ ಗೆಳೆಯ ವಿರುಪಾಕ್ಷಪ್ಪ ಅಥಣಿಯಿಂದ ಬಂದ. ದ್ರಾಕ್ಷಿ ತೋಟದವ. ಕೂಡುವ ಮೊದಲೇ ಕಿಸೆಯಿಂದ ಒಂದು ಕ್ಯಾಸೆಟ್ ತೆಗೆದ.

"ತಗೋ ತವನಪ್ಪಾ! ಅದ ಸಿಂಫನಿ, ಬ್ಯಾರೆ ಮಂದಿ ಬಾರಿಸ್ಯಾರ. ಪುಣೇದಾಗ ಸಿಕ್ಕಿತು."

"ನೇಮ ಐತೋ ಮಾರಾಯಾ."

"ನೇಮ ರೆಕಾರ್ಡಿಗೆ. ಇದು ಕ್ಯಾಸೆಟ್ಟಲಾ!"

"ಕಬ್ಬೂರ ಬದನಿಕಾಯಿ ಬಿಟ್ಟಾಂವ ದಿಗ್ಗೇವಾಡಿ ಬದನಿಕಾಯಿ ತಿನಬಹುದೇನ? ಬಾರಿಸಾವ್ರು ಬ್ಯಾರೆ, ಬರದಾಂವ ಒಬ್ಬನ."

"ಇಂವಾ ವಕೀಲ ಆಗಬೇಕಿತ್ತು ನೋಡ್ರಿ ವೈನಿ!"

"ವಕೀಲ ಆಗಿದ್ರ ದಿಗ್ಗೇವಾಡೀದು ತಿಂದಬಿಡತಿದ್ರು" ಎಂದಳು ರಾಜಮತಿ.

ಗೆಳೆಯ ಹೋದ ಮೇಲೂ ತವನಪ್ಪ ಕ್ಯಾಸೆಟ್ಟನ್ನು ಕೈಯಲ್ಲಿ ತಿರುವುತ್ತಲೇ ಇದ್ದ. "ನಡುವ ಒಬ್ಬನ ಕೊಳಲ ಊದೂದೈತಿ. ಇದರಾಗ ಅಂವಾ ಹೆಂಗ ಊದ್ಯಾನೋ... ದೀಪಾವಳಿಗೆ ನನಗ ಕೇಳಸತೈತೋ ಇಲ್ಲೋ."

"ನಾ ಏನ ನೇಮ ಹಿಡದಿಲ್ಲಲ್ಲ. ಎರಡೂ ಕೇಳಿ ನಿಮಗ ಹೇಳತೀನಿ."

"ನೀನ?"

"ಯಾಕ, ನನಗ ಕಿವಿ ಇಲ್ಲೇನ?" ಅಂದವಳು ನಾಲಗೆ ಕಚ್ಚಿಕೊಂಡಳು. ಮೊದಲು ನಕ್ಕವನು ತವನಪ್ಪನೇ.

ಮದುವೆಯಾಗಿ ಬಂದಾಗ ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅತ್ತೆಯ ಗೊಣಗಾಟ ಲೆಕ್ಕಿಸದೆ ಅವಳನ್ನು ರಾತ್ರಿ ಶಾಲೆಗೆ ಕರೆದೊಯ್ದು, ಪಾಠ ಮುಗಿಯುವ ತನಕ ಹೊರಗಿನ ಕಟ್ಟೆಯ ಮೇಲೆ ಕಂದೀಲು ಇಟ್ಟುಕೊಂಡು ಕೂತಿರುತ್ತಿದ್ದವ ಇವನೇ. ಈಗ ಕಂದೀಲು ಹಿಡಿಯುವ ಪಾಳಿ ತನ್ನದು ಎಂದುಕೊಂಡಳು.

ಸಂಜೆ ಅವನು ಹೊಲದ ಬಾವಿಯ ಕಡೆ ಹೋಗುವನು, ಅವಳು ಪಾತ್ರೆ ಬಿಟ್ಟು ರೆಕಾರ್ಡಿನ ಪೆಟ್ಟಿಗೆ, ಮನೆಯ ಟೇಪ್ ರೆಕಾರ್ಡರು ಎರಡರ ಮುಂದೆ ಕೂಡುವಳು. ಮೊದಮೊದಲು ಎಲ್ಲ ಸಂತೆಯ ಗದ್ದಲ. ಶಾಲೆಯಲ್ಲಿ ಒಂದೊಂದೇ ಅಕ್ಷರ ಹಿಡಿದಂತೆ ಇಲ್ಲಿ ಒಂದೇ ವಾದ್ಯದ ಬೆನ್ನು ಹತ್ತಿದಳು. ಒಂದು ದಿನ ಬಾಗಿಲಲ್ಲೇ ಅವನನ್ನು ತಡೆದು ನಿಲ್ಲಿಸಿದಳು.

"ನಗಾರಿ ನಿಂತ ಮ್ಯಾಲೆ ಒಬ್ಬನ ಕೊಳಲ ಊದತಾನ ನೋಡ್ರಿ, ಹೊಳಿ ಆ ದಂಡ್ಯಾಗಿಂದ ಕರದಂಗ. ರೆಕಾರ್ಡಿನಾಂವ ಕರದು, ಯಾರರೆ ಓ ಅಂತಾರೇನೋ ಅಂತ ಕಾಯತಾನ. ಮತ್ತ ಕರೀತಾನ. ಕ್ಯಾಸೆಟ್ಟಿನಾಂವ ಚಂದ ಊದತಾನ ಖರೆ, ಕಾಯೂದಿಲ್ಲ. ಕಡೀ ಬಸ್ಸಿಗೆ ಹೊಂಟಾವ್ರಂಗ."

"ಮತ್ತ?"

"ಕಡೀಕ ಎಲ್ಲಾರೂ ಕೂಡಿ ಬಾರಸೂದು ಕ್ಯಾಸೆಟ್ಟಿಂದ ಚಲೋ. ರೆಕಾರ್ಡಿಂದು ಕಲಸಿದ ಅನ್ನ. ಮತ್ತ ರೆಕಾರ್ಡಿನಾಗ ಕೊಳಲಿನ ಮೊದಲ ಯಾರೋ ಕೆಮ್ಮತಾರ."

ತವನಪ್ಪನ ಮುಖ ಅರಳಿತು. "ಅಂವಾ ನನ್ನ ಗೆಳೆಯಾ! ಕೇಳಾಕ ಬಂದಾವ್ರಾಗ ಯಾರೋ ಒಬ್ಬಾಂವ. ಅಂವಾ ಕೆಮ್ಮಿದಾ ಅಂದ್ರ ಕೊಳಲು ಬಂತು. ಕ್ಯಾಸೆಟ್ಟಿನಾಗ ಇಲ್ಲೇನ?"

"ಇಲ್ಲ."

"ಅದಕ್ಕ ಅವಸರ ಅಂವಗ."

ಹೀಗೆ ದಿನವೂ ವರದಿ. ದಿನಕಳೆದಂತೆ ಅವಳು ದನಿ ಏರಿಸಬೇಕಾಯಿತು. ದಸರೆಯ ಹೊತ್ತಿಗೆ ಗೋಡೆಯಾಚೆಯ ಶಿವಗಂಗವ್ವ ಕೂಗಿ ಕೇಳಿದಳು: "ಆ ಕೊಳಲಿನಾಂವ ಇವತ್ತರೆ ಕಾದನೇನ್ರೀ ಬಾಯಾರ?"

ದೀಪಾವಳಿಯ ಬೆಳಿಗ್ಗೆ ಬಸದಿಯಲ್ಲಿ ತೀರ್ಥಂಕರರ ನಿರ್ವಾಣದ ದಿನಕ್ಕೆಂದು ಲಾಡು ಏರಿಸಿ ಬಂದ ತವನಪ್ಪ ತಾನೇ ರೆಕಾರ್ಡು ಹಚ್ಚಿದ. ಎಡಗಿವಿಯನ್ನು ಪೆಟ್ಟಿಗೆಗೆ ಆನಿಸಿ ಕೂತ. ಹುಬ್ಬು ಗಂಟಿಕ್ಕಿತು. ನಗಾರಿ ಬಂದಾಗ ಅಂಗೈಯನ್ನು ಪೆಟ್ಟಿಗೆಯ ಮೇಲಿಟ್ಟು ಅದರ ನಡುಕ ಹಿಡಿದ. ನಗಾರಿ ನಿಂತಿತು. ಅವನು ದಾರಿ ತಪ್ಪಿದವನಂತೆ ರಾಜಮತಿಯ ಕಡೆ ನೋಡಿದ.

ಅವಳು ಎದುರಿಗೆ ಬಂದು ಕೂತು, ಸೆರಗನ್ನು ಬಾಯಿಗೆ ಹಿಡಿದು, ಭುಜ ಕುಲುಕುವಂತೆ ಕೆಮ್ಮಿದಳು.

ಅವನ ಕಣ್ಣು ಮುಚ್ಚಿದವು. ಮೊಣಕಾಲ ಮೇಲಿನ ಬೆರಳು ಮೆಲ್ಲಗೆ ಎದ್ದಿತು. ಕರೆಯಿತು, ಕಾಯಿತು, ಮತ್ತೆ ಕರೆಯಿತು. ಒಂದು ಕಡೆಯೂ ತಪ್ಪಲಿಲ್ಲ.

ರೆಕಾರ್ಡು ಮುಗಿದ ಮೇಲೆ ಅವಳು ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು: "ಕೇಳಿಸಿತೇನ್ರೀ?"

"ಅರ್ಧ ಅಂವಾ ಊದಿದಾ. ಉಳದ ಅರ್ಧ ನೀ ಹೇಳಿಟ್ಟಿದ್ದಿಯಲ್ಲ, ಅದು ಕೇಳಿಸಿತು." ಅವಳ ಎರಡೂ ಕೈ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡ. "ನಿನ್ನ ಉಪಕಾರ ದೊಡ್ಡದು ರಾಜಮತಿ."

"ಸಾಕ ಬಿಡ್ರಿ. ಕಂದೀಲು ಹಿಡದು ನೀವೆಷ್ಟು ಕಾದೀರಿ!"

"ಹಂಗಾರ ಕ್ಯಾಸೆಟ್ ಹಚ್ಚು. ಆ ಬಸ್ಸಿನಾಂವನ್ನೂ ಒಂದೀಟ ನೋಡೂಣು."

ಕ್ಯಾಸೆಟ್ಟಿನಲ್ಲಿ ಕೆಮ್ಮುವವನು ಇರಲಿಲ್ಲ. ನಗಾರಿ ನಿಲ್ಲುವ ಹೊತ್ತಿಗೆ ರಾಜಮತಿ ಮತ್ತೆ ಸೆರಗನ್ನು ಬಾಯಿಗೆ ಹಿಡಿದಳು.