ಬೇರಿನ ಕಡೆ

"ಆಹಾ! ಎಂಥಾ ಬಿಲ್ಲಪ್ಪಾ ಇದು! ಈ ಹೊಳೆ ಉದ್ದಕ್ಕೂ ಹುಡುಕಿದ್ರೂ ಇಂಥದ್ದು ಸಿಗಲ್ಲ," ಎಂದ ನನ್ನ ತಮ್ಮ ಕುನ್ನೆಸಪ.

ಒಲೆಯ ಆಚೆ ಗಂಜಿ ತಿರುವುತ್ತಿದ್ದ ಅವನ ಮಗಳು ಉಪಸ್ಮತ್ ಸೌಟು ನಿಲ್ಲಿಸಿದಳು. ಅಪ್ಪನ ಬುದ್ಧಿ ಅವಳಿಗೆ ಗೊತ್ತು. ನನಗಂತೂ ಅವನು ತೊಟ್ಟಿಲಲ್ಲಿದ್ದಾಗಿನಿಂದ ಗೊತ್ತು. ಅವನು ಬಾಯಿ ತುಂಬ ಹೊಗಳಿದನೆಂದರೆ ಆ ವಸ್ತುವಿನ ಕಥೆ ಮುಗಿಯಿತು. ನಮ್ಮಲ್ಲಿ ಉಳಿಯಬೇಕಾದದ್ದನ್ನು ಯಾರೂ ಹೊಗಳುವುದಿಲ್ಲ. ಕೆಟ್ಟ ದೆವ್ವಗಳ ಕಿವಿಗೆ ಬಿದ್ದೀತು ಎಂಬ ಹೆದರಿಕೆ. ಉಪಸ್ಮತ್‌ಳ ಕೂಸನ್ನೇ ನೋಡಿ. ಕಾಡುಹಣ್ಣಿನಂಥ ಕೆನ್ನೆ, ನಾವು ಕರೆಯುವುದು ಹಿಕ್ಕೆ ಅಂತ. ಹೆಸರು ಕೇಳಿದ ರೋಗ ಮೂಗು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಬೇಕು. ಹೊಗಳಿಕೆಯನ್ನೆಲ್ಲ ನಾವು ಮೀನಿನ ಠಾಣೆಯ ಮೇಸ್ತ್ರಿಗೆ, ಕೆಳಗಿನ ಊರಿನವರ ನಾಯಿಗಳಿಗೆ ಮೀಸಲಿಟ್ಟಿದ್ದೇವೆ. ಮಿಕ್ಕಿದ್ದೇನಾದರೂ ಇದ್ದರೆ ಅದು ಇಸೊಂಕುರ್ ಮಾಡುವ ಬಿಲ್ಲುಗಳಿಗೆ.

ಇಸೊಂಕುರ್ ಉಪಸ್ಮತ್‌ಳ ಗಂಡ. ಆ ಹೆಸರಿನ ಅರ್ಥ ಬೇಟೆ ಬಲ್ಲವನು ಎಂದು. ಇಟ್ಟವರು ಪಕ್ಕದ ಹೊಳೆಯವರು. ಅವರಿಗೆ ಆಸೆ ಜಾಸ್ತಿ, ಕಣ್ಣು ಮಂದ. ಮದುವೆಯಾಗಿ ನಮ್ಮೂರಲ್ಲೇ ಬಂದು ಕೂತ. ಉಣ್ಣುವುದಕ್ಕೆ ಮುಂದೆ, ಮಾತಿಗೆ ಇನ್ನೂ ಮುಂದೆ.

ಕುನ್ನೆಸಪ ಹೆದೆ ಹಿಡಿದು ಎಳೆದ. ಎದೆಯವರೆಗೂ ಬರಲಿಲ್ಲ, ಟಪ್ ಎಂದಿತು. ಬಿಲ್ಲಿನ ಒಂದು ತೋಳು ಮುರಿದು ಒಲೆಯ ಬೂದಿಗೆ ಬಿತ್ತು.

"ನೋಡು, ಎಷ್ಟು ಜಾಣ ಬಿಲ್ಲು. ತಾನೇ ಹೋಗಿ ಒಲೆ ಸೇರಿತು."

"ಕರಡಿ ಎಳೆದಂಗೆ ಎಳೆದ್ರೆ ಯಾವ ಬಿಲ್ಲು ಉಳೀತದೆ ಮಾವ?" ಎಂದ ಇಸೊಂಕುರ್.

"ಕರಡಿಗೆ ಬಿಲ್ಲು ಬೇಡ ಕಣೋ. ಬೇಕಾಗಿರೋದು ನಿನಗೆ."

ಅದು ನಿಜ. ಹಿಮ ಬಿದ್ದು ನಿಂತೊಡನೆ ಹೊಳೆಯ ಬಾಯಿಂದ ಠಾಣೆಯ ಮೇಸ್ತ್ರಿ ಮೇಲೆ ಬರುತ್ತಾನೆ. ಬೇಟೆಗೆಂದು ಗುಡ್ಡ ಹತ್ತಿದವರನ್ನು ಮುಟ್ಟುವುದಿಲ್ಲ. ಜಿಂಕೆಯ ತೊಗಲು ಅವನಿಗೂ ಬೇಕು. ಊರಲ್ಲಿ ಕೂತ ಗಂಡಸರನ್ನು ಮಾತ್ರ ಠಾಣೆಯ ಬಿಟ್ಟಿ ಕೆಲಸಕ್ಕೆ ಒಣಮೀನಿನಂತೆ ಸರ ಕಟ್ಟಿಕೊಂಡು ಹೋಗುತ್ತಾನೆ. ಹೋದ ಚಳಿಗಾಲ ಇಸೊಂಕುರ್‌ನನ್ನು ಒಯ್ದಿದ್ದ. ಬಲೆ ಎಳೆದು ಎಳೆದು ತಿರುಗಿ ಬಂದವನನ್ನು ಹೆಂಡತಿ ಗುರುತಿಸಲಿಲ್ಲ, ನಾಯಿ ಗುರುತಿಸಿತು. ಜೊತೆಗೆ ಹೋಗಿದ್ದ ನೆರೆಮನೆಯವನು ಬರಲೇ ಇಲ್ಲ.

ಬೇಟೆಯ ತಂಡಕ್ಕೆ ಹಿರಿಯ ನನ್ನ ತಮ್ಮ. ತನ್ನ ಕೈಯಾರೆ ಮಾಡಿದ ಬಿಲ್ಲಿಲ್ಲದವನನ್ನು ಅವನು ಗುಡ್ಡಕ್ಕೆ ಕರೆದೊಯ್ಯುವುದಿಲ್ಲ. ನಮ್ಮ ಅಪ್ಪನೂ ಒಯ್ದಿರಲಿಲ್ಲ. ಅಳಿಯನಾದರೂ ಅಷ್ಟೇ. ಆಗಲೇ ಗುಡ್ಡದ ನೆತ್ತಿ ಬೆಳ್ಳಗಾಗಿತ್ತು.

ಇಸೊಂಕುರ್ ಮತ್ತೆ ಮರ ಹುಡುಕಲು ಹೋದ. ಹಸಿಮರ ಕಡಿದು ಒಣಗಿಸುವಷ್ಟು ಸಮಯವಿಲ್ಲ. ಬಂಡೆಯ ಸಂದಿಯಲ್ಲಿ ನಿಂತಲ್ಲೇ ಒಣಗಿದ್ದ ಒಂದು ರರ್ಮನಿ ಮರ ಅವನಿಗೆ ಸಿಕ್ಕಿತು. ಬಿಲ್ಲಿಗೆ ಅದಕ್ಕಿಂತ ಒಳ್ಳೆಯ ಮರವಿಲ್ಲ, ಹೊರಗೆ ಬಿಳಿ, ಒಳಗೆ ಕೆಂಪು ತಿರುಳು. ಮರಕ್ಕೆ ಕೈಮುಗಿದು, ಕೇಳಿಕೊಂಡು, ಚೂರಿಯಿಂದ ಸಿಬಿರು ಎಬ್ಬಿಸಿದ ಕಾಣಿಕೆಯ ಕಡ್ಡಿಯೊಂದನ್ನು ನೆಟ್ಟು, ಕಡಿದ. ಕಾಂಡದ ಬುಡದ ತುಂಡೊಂದನ್ನು ಬೇರೆ ಕತ್ತರಿಸಿ, ವಾಡಿಕೆಯಂತೆ ಬೇರಿನ ಕಡೆ ಕೆಳಗಾಗಿ ಅಲ್ಲೇ ನಿಲ್ಲಿಸಿ ಬಂದ. ಇಷ್ಟನ್ನೂ ಸರಿಯಾಗಿ ಮಾಡಿದ್ದಾನೆಂದು ನನಗೇ ಆಶ್ಚರ್ಯ.

"ಅತ್ತೇ, ನಿಮ್ಮ ಒಲೆ ಹತ್ರ ಕೂತು ಕೆತ್ತಲಾ? ಅಲ್ಲಿ ಮಾವನ ಬಾಯಿ," ಎಂದು ನನ್ನ ಮನೆಗೆ ಬಂದ.

"ನನ್ನ ಬಾಯಿ ಮೆತ್ತಗಿದೆ ಅಂತ ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೀವು ಬೈಯೋವಾಗ ತಿನ್ನಕ್ಕೂ ಕೊಡ್ತೀರಿ."

ಬಿಲ್ಲೆಂದರೆ ನಮ್ಮದು ಗಿಡ್ಡ, ನನ್ನ ಸೊಂಟಕ್ಕಿಂತ ತುಸು ಎತ್ತರ. ಬಾಣದ ತುದಿಗೆ ವತ್ಸನಾಭಿಯ ವಿಷ ಇರುವಾಗ ಬಿಲ್ಲಿಗೆ ಭಾರೀ ಬಲ ಬೇಡ. ಪೊದೆಯೊಳಗೆ ಸಿಕ್ಕಿಕೊಳ್ಳದೆ ಮೆತ್ತಗೆ ಬಾಗಬೇಕು. ಇಸೊಂಕುರ್ ಕಾಂಡ ಸೀಳಿದ. ಬಿಳಿಯ ಕಡೆ ಬೆನ್ನು, ಅದನ್ನು ಮುಟ್ಟುವಂತಿಲ್ಲ. ಕೆರೆಯುವುದೆಲ್ಲ ಹೊಟ್ಟೆಯ ಕಡೆ, ಕೆಂಪಿನಲ್ಲಿ. ನಾನು ತುರುಚೆಯ ನಾರನ್ನು ತೊಡೆಯ ಮೇಲೆ ಹೊಸೆದು ಹೆದೆ ಮಾಡಿಕೊಟ್ಟೆ.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಹೆದೆ ಸಡಿಲ ಕಟ್ಟು, ಒಂಚೂರು ಎಳೆ, ನೋಡು, ಬಿಚ್ಚು, ಕೆರೆ. ಮತ್ತೆ ಕಟ್ಟು. ನಾನು ಒಲೆಯ ಈಚೆ ಕೂತು ನೋಡಿ ಹೇಳಬೇಕು, ಅವನು ಕೆರೆಯಬೇಕು.

"ಬಿಲ್ಲಿನ ಬಲತೋಳು ನಿದ್ದೆ ಮಾಡ್ತಿದೆ, ಬಾಗ್ತಿಲ್ಲ."

"ಈಗ?"

"ಈಗ್ಲೂ. ಗಂಟಿನ ಹತ್ರ ಕೆರಿ. ಹೋದ ಸಲ ಮೆತ್ತಗಿದ್ದ ಕಡೆ ಕೆರೆದು ಕೆರೆದು ಅಲ್ಲೇ ಮೊಣಕಾಲು ಮಡಚಿದಂಗೆ ಬಾಗ್ತಿತ್ತು. ಸುಲಭ ಇದ್ದ ಕಡೆ ಕೈ ಓಡ್ತದೆ ನಿಂದು, ಬಾಯಿ ಓಡಿದಂಗೆ."

"ಗಂಟು ಗಟ್ಟಿ ಅತ್ತೆ."

"ನಿನ್ನ ತಲೆಗಿಂತಲಾ?"

ಇಂಥ ಮಾತಿನಲ್ಲೇ ಬಿಲ್ಲು ನಿಧಾನವಾಗಿ ಬಾಗಲು ಕಲಿಯಿತು. ಎರಡು ತೋಳೂ ಒಂದೇ ಥರ ಬಾಗುವುದಿಲ್ಲ. ಕೆಳತೋಳು ತುಸು ಬಿಗಿ, ಮೇಲಿನದು ತುಸು ಸಡಿಲ. ನಮ್ಮಲ್ಲಿ ಹಾಗೇ. ನನಗೂ ಒಳಗೊಳಗೇ ಹಿಗ್ಗಾಗಿ, ಬಾಯಿಂದ ಒಳ್ಳೆಯ ಮಾತು ಬಂದೀತೆಂದು ಗಂಜಿ ತುಂಬಿಕೊಂಡು ಕೂತೆ.

ಆಗಲೇ ಬಂದ ನನ್ನ ತಮ್ಮ. ನನ್ನ ಮನೆಯ ಸಾರು ಚೆನ್ನ ಎಂಬುದು ಅವನ ನೆಪ. ಚೆನ್ನ ಎಂದನೆಂದರೆ ಏನರ್ಥ ಎಂದು ಹೇಳಿದೆನಲ್ಲ. ಕೂತವನು ಬಿಲ್ಲು ಕೈಗೆತ್ತಿಕೊಂಡು ತಿರುಗಿಸಿದ, ಮತ್ತೆ ತಿರುಗಿಸಿದ.

"ಬೇರಿನ ಕಡೆ ಯಾವುದು?"

ಇಸೊಂಕುರ್ ಒಂದು ತುದಿ ನೋಡಿದ, ಇನ್ನೊಂದು ತುದಿ ನೋಡಿದ.

"ಕೇಳಿದ್ದು ಗೊತ್ತಾಗ್ಲಿಲ್ವಾ? ಮರ ನಿಂತಿತ್ತಲ್ಲ, ಅದರ ಕಾಲು ಯಾವ ಕಡೆ, ತಲೆ ಯಾವ ಕಡೆ?"

"ಗುರುತು ಹಾಕಿದ್ದೆ ಮಾವ."

"ಎಲ್ಲಿ?"

"ತೊಗಟೆ ಮೇಲೆ."

"ತೊಗಟೆ ಎಲ್ಲಿ?"

ನಾನೇ ಹೇಳಬೇಕಾಯಿತು. ತೊಗಟೆ ಸುಲಿದು ಒಲೆ ಹೊತ್ತಿಸಿದ್ದು ನಾನು, ಸುಲಿದುಕೊಟ್ಟಿದ್ದು ಅವನು. ಎರಡು ತುದಿಯೂ ಸೀಳು ಬಿಟ್ಟಿದ್ದವೆಂದು ಕತ್ತರಿಸಿ ಸಮ ಮಾಡಿದ್ದ. ಬಿಲ್ಲಿನಲ್ಲೂ ಬೇರಿನ ಕಡೆ ಕೆಳಗೇ ಇರಬೇಕು; ಕೆಳತೋಳೆಂದು ಬಿಗಿ ಇಟ್ಟದ್ದು ಬರೀ ಅವನ ಅಂದಾಜು.

ಕುನ್ನೆಸಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಮನೆ ಕಂಬ ತಲೆಕೆಳಗಾಗಿ ನೆಟ್ಟವನನ್ನ ಕಂಡಿದೀನಿ, ಒಂದು ಊರಲ್ಲಿ ಒಬ್ಬ. ಅವನ ಮನೆಗೆ ನಾಯಿನೂ ಹೋಗ್ತಿರ್ಲಿಲ್ಲ. ಮರವನ್ನ ತಲೆ ಮೇಲೆ ನಿಲ್ಲಿಸಿ ಅದರ ಕೈಲೇ ಜಿಂಕೆ ಹೊಡೆಸ್ತೀಯಾ? ಇಂಥ ಬಿಲ್ಲು ಹಿಡಿದವನ ಪಕ್ಕ ನನ್ನವರು ಯಾರೂ ಹೆಜ್ಜೆ ಇಡಲ್ಲ. ಒಲೆಗೆ ಹಾಕು."

"ಗಂಟು ನೋಡಿ ಹೇಳಕ್ಕಾಗಲ್ವಾ?" ಎಂದೆ.

"ಅಕ್ಕಾ, ಇದ್ದದ್ದೇ ಒಂದು ಗಂಟು. ಅದನ್ನೂ ನೀವಿಬ್ರೂ ಸೇರಿ ಕೆರೆದು ಬಿಸಾಕಿದೀರಿ. ಈ ಮಹಾನುಭಾವ ಏನು ಮಾಡಿದ್ರೂ ಪೂರ್ತಿ ಮಾಡ್ತಾನೆ."

ಉಪಸ್ಮತ್ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ. "ಕೆಳಗಿನ ಊರಿಗೆ ಮೇಸ್ತ್ರಿ ಬಂದಾಯ್ತಂತೆ," ಎಂದಳು. ಗಂಡನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ನನ್ನ ಗಂಜಿಯ ಮಡಕೆಗೆ ಹೇಳಿದ ಹಾಗಿತ್ತು.

ಇಸೊಂಕುರ್ ಎದ್ದ. ಬಿಲ್ಲನ್ನು ಮಾವನ ಕೈಯಿಂದ ಕಿತ್ತುಕೊಂಡ. ಹಿರಿಯರ ಕೈಯಿಂದ ಹಾಗೆ ಕಿತ್ತುಕೊಳ್ಳುವುದು ನಮ್ಮಲ್ಲಿಲ್ಲ. "ಬುಡದ ತುಂಡು ಅಲ್ಲೇ ನಿಲ್ಲಿಸಿ ಬಂದಿದೀನಿ. ಹೋಗಿ ಕೂಡಿಸಿ ನೋಡ್ತೀನಿ."

"ಅಲ್ಲಿ ಹಿಮ ಮೊಣಕಾಲುದ್ದ ಬಿದ್ದಿದೆ," ಎಂದ ಕುನ್ನೆಸಪ. "ಚೆನ್ನಾಗಿದೆ, ಹೋಗಿ ಬಾ. ನೀನು ಬಾಳ ಧೈರ್ಯಸ್ಥ."

ಈ ಹೊಗಳಿಕೆ ಕೇಳಿ ಉಪಸ್ಮತ್ ಅತ್ತಳು. ನಾನು ತಮ್ಮನಿಗೆ ಸಾರು ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಹೋದವನು ಮಾರನೆಯ ದಿನ ಹೊತ್ತು ಇಳಿಯುವ ಹೊತ್ತಿಗೆ ಬಂದ. ಗಡ್ಡ ಹೆಪ್ಪುಗಟ್ಟಿತ್ತು. ಎದೆಯ ಮೇಲಿನ ತೊಗಲಂಗಿಯೊಳಗಿಂದ ಬುಡದ ತುಂಡು ತೆಗೆದ, ಕೂಸನ್ನು ತೆಗೆದ ಹಾಗೆ.

"ಮರವನ್ನ ಕೇಳಿಕೊಂಡೇ ತಂದಿದ್ದು. ತಿರುಗಿ ಒಯ್ದು ನಿಲ್ಲಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಮಾವನ್ನ ಕರೀರಿ."

ಕರೆಯಬೇಕಾಗಲಿಲ್ಲ. ನನ್ನ ಸಾರಿಲ್ಲದೆ ಅವನಿಗೆ ಹಿಂದಿನ ದಿನದಿಂದ ನಿದ್ದೆಯಿಲ್ಲವೆಂದು ನನಗೆ ಗೊತ್ತಿತ್ತು. ಬಾಗಿಲ ಹೊರಗೇ ಸುಳಿಯುತ್ತಿದ್ದ. ಬಂದು, ತುಂಡನ್ನು ಬಿಲ್ಲಿನ ಒಂದು ತುದಿಗೆ ಹಿಡಿದ, ಇನ್ನೊಂದಕ್ಕೆ ಹಿಡಿದ. ಕೆಂಪು ತಿರುಳಿನಲ್ಲಿ ಕೂದಲಿನಂಥ ಕಪ್ಪು ಗೆರೆಯೊಂದಿತ್ತು. ಒಂದು ತುದಿಯಲ್ಲಿ ಅದು ಬುಡದ ತುಂಡಿನ ಗೆರೆಗೆ ನೇರ ಸೇರಿತು.

"ಅಂದಾಜು ತಪ್ಪಿದೆ. ಬೇರಿನ ಕಡೆ ಸಡಿಲ ಮಾಡಿ ಕೂತಿದೀಯ. ಬಿಗಿ ತೋಳು ಮೇಲಾಯ್ತು."

"ಗೊತ್ತು. ದಾರಿಯಲ್ಲೇ ನೋಡ್ಕೊಂಡೆ. ಮೇಲಿಂದು ಇನ್ನೂ ಕೆರೀಬೇಕು."

"ಕೆರೆದ್ರೆ ಮುದುಕಿಯರ ಬಿಲ್ಲಾಗ್ತದೆ."

"ಮುದುಕಿಯರು ಇದೇ ಮನೇಲಿದಾರೆ ಮಾವ, ಕೇಳಿಸಿಕೊಂಡಾರು. ವಿಷಕ್ಕೆ ಬಲ ಯಾಕೆ? ನೀವೇ ಹೇಳಿದ್ದು."

"ನಾನು ಹೇಳಿದ್ದನ್ನ ನೀನು ಯಾವತ್ತಿಂದ ಕೇಳ್ತಿದೀಯ?"

ಇಸೊಂಕುರ್ ಬಿಲ್ಲನ್ನು ತಿರುಗಿಸಿ, ಬೇರು ಕೆಳಗಾಗಿ, ತೊಡೆಗಳ ನಡುವೆ ಒತ್ತಿಕೊಂಡು, ಚೂರಿಯ ಅಲಗನ್ನು ನೆಟ್ಟಗೆ ಹಿಡಿದು ಕೆರೆಯತೊಡಗಿದ. ಗಟ್ಟಿ ಕಡೆ ನಿಂತು ನಿಂತು ಕೆರೆದ. ಎಳೆಯುತ್ತಿದ್ದವನೂ ಅವನೇ, ನೋಡುತ್ತಿದ್ದವನೂ ಅವನೇ, ನನ್ನನ್ನು ಕೇಳಲಿಲ್ಲ. ಕೆಂಪು ಹೊಟ್ಟು ಒಲೆಯ ಅಂಚಿನ ಮರಳಿನ ಮೇಲೆ ಬೀಳುತ್ತಿತ್ತು. ಕುನ್ನೆಸಪ ಸಾರು ಕುಡಿಯುವವನಂತೆ ಬಟ್ಟಲು ಬಾಯಿಗೆ ಹಿಡಿದಿದ್ದ. ಬಟ್ಟಲು ಆಗಲೇ ಬರಿದಾಗಿತ್ತು.

ಕೊನೆಗೆ ಇಸೊಂಕುರ್ ಹೆದೆ ಏರಿಸಿ ಬಿಲ್ಲನ್ನು ಮುಂದೆ ಚಾಚಿದ. ಈ ಸಲ ಎರಡು ಕೈಯಲ್ಲಿ, ತಲೆ ಬಗ್ಗಿಸಿ.

ಕುನ್ನೆಸಪ ಎದ್ದು ನಿಂತ. ಒಮ್ಮೆ ಅರ್ಧಕ್ಕೆ ಎಳೆದ. ಬಿಟ್ಟ. ಎದೆಯವರೆಗೆ ಎಳೆದ. ಎರಡು ತೋಳೂ ಎದ್ದವು, ಹಕ್ಕಿ ರೆಕ್ಕೆ ಬಿಚ್ಚುವಾಗ ಏಳುವಂತೆ, ಕೆಳಗಿನದು ತುಸು ತಡೆದು. ಅವನು ಹಾಗೇ ಹಿಡಿದು ನಿಂತ. ಈ ಸಲ ಬಿಲ್ಲು ಟಪ್ ಎನ್ನಲಿಲ್ಲ. ಉಪಸ್ಮತ್ ಕೂಸಿನ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಪ್ಪ ಈಗ ಆಹಾ ಎಂದರೆ ಎಲ್ಲ ಮುಗಿಯಿತೆಂದು ಅವಳ ಮುಖದಲ್ಲೇ ಬರೆದಿತ್ತು.

ಮೆಲ್ಲಗೆ ಹೆದೆ ಇಳಿಸಿದ. ಬಿಲ್ಲಿನ ಹೊಟ್ಟೆಯ ಮೇಲೆ ಹೆಬ್ಬೆರಳು ಓಡಿಸಿದ, ಬೇರಿನಿಂದ ತುದಿಗೆ. ಮುಖ ಕಿವುಚಿದ.

"ಥೂ! ಎಂಥಾ ಹೇಲು ಇದು! ಮುದಿನರಿ ತಿಂದು ಕಕ್ಕಿದ್ದು. ನನ್ನ ಜನ್ಮದಲ್ಲಿ ಇಷ್ಟು ದರಿದ್ರದ ಬಿಲ್ಲನ್ನ ಮುಟ್ಟಿರ್ಲಿಲ್ಲ. ಕೈ ವಾಸನೆ ಬರ್ತಿದೆ." ಬಿಲ್ಲನ್ನು ನನ್ನ ಕಡೆ ಚಾಚಿದ. "ಅಕ್ಕಾ, ಇದಕ್ಕೆ ಕಾಡುಚೆರಿಯ ತೊಗಟೆ ಸುತ್ತು, ತುದಿಯಿಂದ ತುದಿಗೆ. ಯಾರ ಕಣ್ಣಿಗೂ ಬೀಳಬಾರದು. ಬೇರಿನ ಕಡೆ ಒಂದು ಗುರುತು ಮಾಡು. ತೊಗಟೆ ಮೇಲಲ್ಲ, ಮರದ ಮೇಲೆ. ಈ ಕೊಳಕನಿಗೆ ಅದನ್ನೂ ಹೇಳಿಕೊಡಬೇಕು."

ಇಸೊಂಕುರ್ ಹೆಪ್ಪು ಕರಗಿ ನೀರಿಳಿಯುತ್ತಿದ್ದ ಗಡ್ಡವನ್ನು ತೋಳಿನಿಂದ ಒರೆಸಿಕೊಂಡ. "ಅಷ್ಟೊಂದು ಕೆಟ್ಟದಾಗಿದೆಯಾ ಮಾವ?"

"ಹೂಂ. ನಿನ್ನಷ್ಟೇ."

ಉಪಸ್ಮತ್ ಕೂಸು ಹಿಕ್ಕೆಯನ್ನು ನನ್ನ ಮಡಿಲಿಗೆ ಹಾಕಿ ಎದ್ದಳು. ತನ್ನ ಮನೆಗೆ ಓಡಿ ಹೋಗಿ ಗಂಡನ ಇನ್ನೊಂದು ಜೊತೆ ಮೀನುತೊಗಲಿನ ಬೂಟುಗಳನ್ನು ತಂದಳು, ಒಲೆಯ ಪಕ್ಕ ಕೂತಳು, ಗುಡ್ಡ ಹತ್ತುವ ಕಾಲಿಗೆ ಬೆಚ್ಚಗಿರಲೆಂದು ಒಣಹುಲ್ಲನ್ನು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ ಒಂದೊಂದೇ ಹಿಡಿ ಅವುಗಳೊಳಗೆ ತುಂಬತೊಡಗಿದಳು.